ಆಪರೇಟರ್ ಸಂಘದಿಂದ ಇಬ್ಬರು

ಟಿ.ವಿ.ಯಲ್ಲಿ ಸಿನಿಮಾ ನೋಡಲು ಕುಳಿತರೆ ನನ್ನ ಕಣ್ಣು ನಾಯಕಿಯ ಮುಖದ ಮೇಲೆ ನಿಲ್ಲುವುದಿಲ್ಲ. ಬಲಗಡೆಯ ಮೇಲಿನ ಮೂಲೆಗೆ ಹೋಗಿ ಕುಳಿತುಬಿಡುತ್ತದೆ. ಅಲ್ಲಿ ಈಗ ಚಾನೆಲ್ಲಿನ ಗುರುತು ಬಿಟ್ಟರೆ ಬೇರೇನೂ ಇಲ್ಲ. ಆದರೂ ಹತ್ತು ನಿಮಿಷಕ್ಕೊಮ್ಮೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕೈ ಏನನ್ನೋ ಹುಡುಕುತ್ತದೆ. ಏನೂ ಸಿಗದೆ ಕೊನೆಗೆ ರಿಮೋಟನ್ನೇ ಹಿಡಿದುಕೊಂಡು ಸುಮ್ಮನಾಗುತ್ತದೆ.

ಇದು ರೋಗವಲ್ಲ, ಕಸುಬಿನ ಗುರುತು. ನಾನು ಚನ್ನಗಿರಿಯ ಒಂದು ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದೆ. ಆಗ ಸಿನಿಮಾ ಬರುತ್ತಿದ್ದುದು ತಗಡಿನ ಡಬ್ಬಗಳಲ್ಲಿ, ಹದಿನಾಲ್ಕೋ ಹದಿನಾರೋ ರೀಲುಗಳಾಗಿ. ಕ್ಯಾಬಿನ್ನಿನಲ್ಲಿ ಎರಡು ಮೆಷಿನ್ನು. ಒಂದರಲ್ಲಿ ರೀಲು ಮುಗಿಯುತ್ತ ಬಂದಾಗ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಕೂಡಲೇ ಎರಡನೇ ಮೆಷಿನ್ನಿನ ಮೋಟಾರು ಹಾಕಬೇಕು. ಇನ್ನೊಂದು ಚುಕ್ಕೆ ಬಂದಾಗ ಇದರ ಬೆಳಕು ಮುಚ್ಚಿ ಅದರ ಬೆಳಕು ತೆರೆಯಬೇಕು. ಸರಿಯಾಗಿ ಮಾಡಿದರೆ ಕೆಳಗೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ತಪ್ಪಿದರೆ ಶಿಳ್ಳೆ ಹಾಕಿ, ನಮ್ಮ ತಾಯಿಯಿಂದ ಹಿಡಿದು ವಂಶದ ಹೆಂಗಸರನ್ನೆಲ್ಲ ನೆನೆಯುತ್ತಾರೆ. ಕ್ಯಾಬಿನ್ನಿನೊಳಗೆ ಪರಮೇಶಪ್ಪ ಎಂಬ ಒಬ್ಬ ಮನುಷ್ಯನಿದ್ದಾನೆ ಎಂಬುದು ಚನ್ನಗಿರಿಯ ಜನಕ್ಕೆ ನೆನಪಾಗುತ್ತಿದ್ದದ್ದು ಅವನು ತಪ್ಪಿದಾಗ ಮಾತ್ರ.

ನನ್ನ ಹೆಂಡತಿ ಗಿರಿಜ ನಗುತ್ತಿದ್ದಳು. "ಮೂವತ್ತು ವರ್ಷ ಸಿನಿಮಾ ತೋರ್ಸಿದೀರಿ, ಒಂದು ಸಿನಿಮಾದ ಕತೆನಾದ್ರೂ ನೆಟ್ಟಗೆ ಹೇಳಾಕೆ ಬರಲ್ಲ ನಿಮ್ಗೆ" ಎನ್ನುತ್ತಿದ್ದಳು. ನಿಜ. ಮೂರನೇ ರೀಲಿನಲ್ಲಿ ಮದುವೆ, ಒಂಬತ್ತನೆಯದರಲ್ಲಿ ಮನೆಗೆ ಬೆಂಕಿ, ಹನ್ನೆರಡರಲ್ಲಿ ಒಂದು ಹರಿದ ಜಾಗ ಇದೆ, ಜೋಪಾನ. ನನಗೆ ಗೊತ್ತಿದ್ದ ಕತೆ ಅಷ್ಟೇ. ಅವಳು ತೀರಿಕೊಂಡು ಐದು ವರ್ಷವಾಯಿತು. ಈಗ ಯಾವ ಸಿನಿಮಾದ ಕತೆ ಏನೆಂದು ನನ್ನನ್ನು ಕೇಳುವವರಿಲ್ಲ. ಮಗಳು ಹರಿಹರದಲ್ಲಿದ್ದಾಳೆ. ಭಾನುವಾರ ಫೋನು ಮಾಡಿ, "ಊಟ ಆಯ್ತಾ ಅಪ್ಪ?" ಎಂದು ಕೇಳುತ್ತಾಳೆ. "ಆತು" ಎನ್ನುತ್ತೇನೆ. ಆಗಿರದಿದ್ದರೂ ಆತು ಎನ್ನುತ್ತೇನೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡಿರುತ್ತೇವೆ.

ಜನರಿಗೆ ಬೆನ್ನು ಹಾಕಿ ಕೂರುವ ಬುದ್ಧಿ ನನಗೆ ಚಿಕ್ಕಂದಿನಿಂದಲೂ ಇತ್ತು ಎಂದು ಕಾಣುತ್ತದೆ. ನಮ್ಮದು ಸಾಸ್ವೆಹಳ್ಳಿ. ಕಟಾವು ಮುಗಿದ ಗದ್ದೆಯಲ್ಲಿ ಟೂರಿಂಗ್ ಟಾಕೀಸಿನವರು ಟೆಂಟು ಹಾಕುತ್ತಿದ್ದರು. ಊರೆಲ್ಲ ಪರದೆಯ ಕಡೆ ಮುಖ ಮಾಡಿ ಮರಳಿನ ಮೇಲೆ ಕುಳಿತರೆ ನಾನು ಹಿಂದಕ್ಕೆ ತಿರುಗಿ ಕೂರುತ್ತಿದ್ದೆ. ಮೆಷಿನ್ನಿನ ತೂತಿನಿಂದ ಬೆಳಕು ಹೊರಟು, ಬೀಡಿಯ ಹೊಗೆಯನ್ನು ಸೀಳಿಕೊಂಡು, ನನ್ನ ತಲೆಯ ಮೇಲೆ ಹಾದುಹೋಗುತ್ತಿತ್ತು. ಅವ್ವ ನನ್ನ ಕಿವಿ ಹಿಡಿದು ತಿರುಗಿಸಿ, "ಅಲ್ಲಿ ಏನೈತೋ ನೋಡಾಕೆ? ಎಲ್ಲಾ ಈ ಕಡೆ ಐತೆ" ಎನ್ನುತ್ತಿದ್ದಳು. ಅವಳು ಕೈಬಿಟ್ಟ ಕೂಡಲೇ ನಾನು ಮತ್ತೆ ತಿರುಗುತ್ತಿದ್ದೆ. ಆ ಬೆಳಕಿನ ಬುಡದಲ್ಲಿ ಕೂತವನೇ ಜಗತ್ತಿನ ಒಡೆಯ ಎಂದು ನಂಬಿದ್ದೆ. ಅವನ ಜೊತೆ ಮಾತಾಡುವವರು ಯಾರೂ ಇರುವುದಿಲ್ಲ ಎಂಬುದು ನನಗೇನು ಗೊತ್ತು?

ಹೋದ ವರ್ಷ ಒಂದು ದಿನ ಪೋಸ್ಟಿನವನು ಬಾಗಿಲಿಗೆ ಬಂದು, "ಇಲ್ಲಿ ಯಾವ್ದಾದ್ರೂ ಸಂಘ ಐತೇನ್ರಿ?" ಎಂದು ಕೇಳಿದ. ಕೈಯಲ್ಲಿ ಒಂದು ದಪ್ಪ ಲಕೋಟೆ. ಮೇಲೆ, "ಕಾರ್ಯದರ್ಶಿಗಳು, ಚಿತ್ರಮಂದಿರ ಆಪರೇಟರುಗಳ ಸಂಘ, ಚನ್ನಗಿರಿ" ಎಂದಿತ್ತು. ನಾನು ಅಂಗಿ ಹಾಕಿಕೊಂಡು ಬಂದು ಸಹಿ ಮಾಡಿದೆ. ಬನಿಯನ್ನಿನಲ್ಲಿ ನಿಂತು ಸಂಘದ ಕಾಗದ ತೆಗೆದುಕೊಳ್ಳುವುದು ಸರಿ ಕಾಣಲಿಲ್ಲ.

ದಾವಣಗೆರೆಯ ಒಂದು ಕಾಲೇಜಿನಿಂದ ಬಂದ ಕಾಗದ. "ರಾಷ್ಟ್ರದ ಚಿತ್ರೋದ್ಯಮವನ್ನು ಕಟ್ಟುವಲ್ಲಿ ವೃತ್ತಿ ಸಂಘಗಳ ಪಾತ್ರ" ಎಂಬ ವಿಷಯದ ಮೇಲೆ ಒಂದು ದಿನದ ಗೋಷ್ಠಿಯಂತೆ. ಬೆಂಗಳೂರಿನಿಂದ ನಿರ್ಮಾಪಕರ ಸಂಘ, ಛಾಯಾಗ್ರಾಹಕರ ಸಂಘ, ಎಲ್ಲ ಬರುತ್ತವೆ. ನಮ್ಮ ಸಂಘವೂ ಬರಬೇಕು. "ತಮ್ಮ ಸಂಘದಿಂದ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸಿಕೊಡಬೇಕಾಗಿ ವಿನಂತಿ." ಕೆಳಗೆ ಶಿಲ್ಪಾ ಎಂಬ ಉಪನ್ಯಾಸಕಿಯ ಸಹಿ.

ಚಹಾ ಮಾಡಿಕೊಂಡು ಕೂತು ಅದನ್ನು ಮೂರು ಸಲ ಓದಿದೆ. ರಾಷ್ಟ್ರದ ಚಿತ್ರೋದ್ಯಮವನ್ನು ಕಟ್ಟಿದವರಲ್ಲಿ ನಾವೂ ಒಬ್ಬರು ಎಂಬುದು ನನಗೆ ಅಂದೇ ಗೊತ್ತಾದದ್ದು. ಆಮೇಲೆ ಮನಸ್ಸಿನಲ್ಲೇ ಸರ್ವ ಸದಸ್ಯರ ಸಭೆ ಕರೆದೆ. ಅಧ್ಯಕ್ಷನಾಗಿದ್ದ ಹೊನ್ನಾಳಿಯ ಹಾಲೇಶಪ್ಪ ಈಗ ಬದುಕಿಲ್ಲ. ಉಳಿದವರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕೆಲವರು ಎಲ್ಲಿದ್ದಾರೋ ತಿಳಿಯದು. ನ್ಯಾಮತಿಯ ಅನ್ವರ್ ಸಾಬರು ಇದ್ದಾರೆ. ನಾನಿದ್ದೇನೆ. ಇನ್ನೊಬ್ಬ ಜಗಳೂರಿನಲ್ಲಿದ್ದಾನೆ. ಆದರೆ ಅವನು ಸದಸ್ಯನಲ್ಲ. ಅವನ ಹೆಸರನ್ನು ಸಂಘದಿಂದ ಹೊಡೆದು ಹಾಕಿದವನು ನಾನೇ.

ಸಂಘ ಹುಟ್ಟಿದ್ದು ಹಾಲೇಶಪ್ಪನ ಒಂದು ಮಾತಿನಿಂದ. ಹೊನ್ನಾಳಿಯ ಚಿತ್ರಮಂದಿರದ ಆಪರೇಟರ್ ಅವನು, ನಮ್ಮೆಲ್ಲರಿಗಿಂತ ಹಿರಿಯ. ಒಮ್ಮೆ ನಾನು ಡಬ್ಬ ತರಲು ಹೋಗಿದ್ದಾಗ, "ಕ್ಯಾಬಿನ್ನಾಗೆ ಒಬ್ನೇ ಕುಂತು ಕುಂತು ನಂಗೆ ಮಾತಾಡೋದೇ ಮರ್ತೋಗೈತೆ ಪರಮೇಶಿ. ಮೊನ್ನೆ ಅಳಿಯ ಮನೆಗೆ ಬಂದ್ರೆ ಏನ್ ಮಾತಾಡ್ಬೇಕೋ ತಿಳೀಲಿಲ್ಲ. ತಿಂಗಳಿಗೊಂದ್ಸಲ ಬಾಯಿ ಬಿಡಾಕೆ ಒಂದು ಸಂಘ ಬೇಕು ಕಣಯ್ಯ" ಎಂದ. ಬೇರೆ ಸಂಘಗಳು ಹಕ್ಕಿಗೆ, ಬೇಡಿಕೆಗೆ ಹುಟ್ಟಿದರೆ ನಮ್ಮದು ಹುಟ್ಟಿದ್ದು ಬಾಯಿ ಬಿಡಲು.

ಶುಕ್ರವಾರ ಹೊಸ ಸಿನಿಮಾ, ಶನಿವಾರ ಭಾನುವಾರ ಜನ. ಹಾಗಾಗಿ ಸೋಮವಾರ ಬೆಳಿಗ್ಗೆ ಹೊನ್ನಾಳಿಯಲ್ಲಿ ಸೇರುತ್ತಿದ್ದೆವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನ್ಯಾಮತಿಯನ್ನು ಸರ್ಕಾರ ತಾಲ್ಲೂಕು ಮಾಡುವುದಕ್ಕೆ ಎಷ್ಟೋ ವರ್ಷ ಮೊದಲೇ ನಾವು ಅದಕ್ಕೆ ಬೇರೆ ಸ್ಥಾನ ಕೊಟ್ಟಿದ್ದೆವು ಎಂದು ಅನ್ವರ್ ಸಾಬರು ಈಗಲೂ ಹೆಮ್ಮೆಪಡುತ್ತಾರೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ನಡಾವಳಿ ಪುಸ್ತಕದಲ್ಲಿ "ದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದು ಬರೆಯುವಾಗ ನನಗೆ ಮೈಯೆಲ್ಲ ಕಾವೇರುತ್ತಿತ್ತು. ದೀರ್ಘ ಚರ್ಚೆ ಎಂದರೆ ಸಾಮಾನ್ಯವಾಗಿ ಮಂಡಕ್ಕಿ ಜೊತೆಗಿನ ಮೆಣಸಿನಕಾಯಿ ಬಜ್ಜಿ ಬಿಸಿ ಇದೆಯೋ ಇಲ್ಲವೋ ಎಂಬುದರ ಮೇಲೆ.

ಆದರೆ ಕೆಲಸವನ್ನೂ ಮಾಡಿದೆವು, ಸುಳ್ಳು ಹೇಳಬಾರದು. ಆಗ ಮೆಷಿನ್ನಿನಲ್ಲಿ ಬೆಳಕು ಬರುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿಗಳನ್ನು ಉರಿಸಿ. ಆ ಹೊಗೆ ಕುಡಿದು ಎಲ್ಲರಿಗೂ ಕೆಮ್ಮು. ಸಂಘದಿಂದ ಮಾಲೀಕರ ಮನೆಮನೆಗೆ ಹೋಗಿ ಕ್ಯಾಬಿನ್ನುಗಳಿಗೆ ಹೊಗೆ ಕೊಳವೆ ಹಾಕಿಸಿದೆವು. ಹೊಸಬರಿಗೆ ಲೈಸೆನ್ಸಿನ ಪರೀಕ್ಷೆಗೆ ಪಾಠ ಹೇಳಿದೆವು. ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿ. ಒಂದು ಸಿನಿಮಾದ ಒಂದೇ ಪ್ರಿಂಟು, ಅದೇ ರೀಲುಗಳು, ನಮ್ಮ ನಾಲ್ಕೂ ಊರು ಸುತ್ತುತ್ತಿತ್ತು. ಎಲ್ಲಿ ಹರಿದಿದೆ, ಎಲ್ಲಿ ಜೋಡಣೆ ಸಡಿಲಾಗಿದೆ ಎಂದು ಬರೆದು ಡಬ್ಬದೊಳಗೆ ಇಡಬೇಕೆಂದು ಹಾಲೇಶಪ್ಪ ನಿಯಮ ಮಾಡಿದ. ಮುಂದಿನ ಊರಿನವನು ನೋಡಿ, ಜೋಪಾನ ಮಾಡಿ, ತನ್ನದನ್ನೂ ಬರೆದು ಮುಂದಕ್ಕೆ ಕಳುಹಿಸಬೇಕು. ನಮ್ಮ ಕಡೆಯಿಂದ ವಾಪಸ್ಸು ಹೋದ ಪ್ರಿಂಟಿಗೆ ಆಯುಸ್ಸು ಹೆಚ್ಚು ಎಂದು ದಾವಣಗೆರೆಯ ಹಂಚಿಕೆದಾರರೊಬ್ಬರು ಹೇಳುತ್ತಿದ್ದರು. ದೇಶದ ಚಿತ್ರೋದ್ಯಮಕ್ಕೆ ನಮ್ಮ ಕಾಣಿಕೆ ಏನಾದರೂ ಇದ್ದರೆ ಅದು ಇದೇ.

ಚೀಟಿಯಲ್ಲಿ ಮೊದಮೊದಲು ರೀಲಿನ ಸಮಾಚಾರ ಮಾತ್ರ ಇರುತ್ತಿತ್ತು. ಬರಬರುತ್ತ ಬೇರೆಯದೂ ಸೇರಿಕೊಂಡಿತು. "ಐದನೇ ರೀಲು ನಡುವೆ ಹುಷಾರು. ಮಗಳಿಗೆ ಹೆಣ್ಣು ಕೂಸು." "ಹನ್ನೊಂದು ಸರಿ ಇದೆ. ಹೊಳೆ ತುಂಬಿದೆ, ಎರಡು ದಿನದಿಂದ ಆಟಕ್ಕೆ ಜನ ಇಲ್ಲ." ಜಗಳೂರಿನ ತಿಪ್ಪೇಸ್ವಾಮಿಯ ಚೀಟಿಗಳಂತೂ ಓದಲು ಸೊಗಸು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯ, ಕೈಚಳಕದಲ್ಲಿ ಎಲ್ಲರಿಗಿಂತ ಮುಂದು. ಒಮ್ಮೆ ಬರೆದಿದ್ದ: "ಪರಮೇಶಣ್ಣ, ಎಂಟನೇ ರೀಲಿನಲ್ಲಿ ನಾಯಕ ಅಳುವಾಗ ಒಂದು ಗೀರು ಬಿದ್ದಿದೆ. ಅವನ ಕಣ್ಣೀರಿನ ಜೊತೆ ಸೇರಿಕೊಂಡಿದೆ. ಯಾರಿಗೂ ಗೊತ್ತಾಗುವುದಿಲ್ಲ, ಬಿಡು." ಗಿರಿಜ ಇದನ್ನು ಓದಿ ಓದಿ ನಕ್ಕಿದ್ದಳು. ಅವನು ಚನ್ನಗಿರಿಗೆ ಬಂದಾಗಲೆಲ್ಲ ಅವಳ ಕೈಯ ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಹೋಗುತ್ತಿದ್ದ.

ಇಂಥವನನ್ನು ನಾನು ಹೊರಗೆ ಹಾಕಿದೆ.

ಡಿಜಿಟಲ್ ಬರುತ್ತದೆ, ರೀಲೂ ಇರುವುದಿಲ್ಲ, ಕಾರ್ಬನ್ನೂ ಇರುವುದಿಲ್ಲ, ಒಂದು ಗುಂಡಿ ಒತ್ತಿದರೆ ಮೂರು ಗಂಟೆ ಸಿನಿಮಾ ತಾನೇ ಓಡುತ್ತದೆ ಎಂಬ ಸುದ್ದಿ ಹಬ್ಬಿದ ಕಾಲ. ಎಲ್ಲರಿಗೂ ಹೆದರಿಕೆ. ಸೋಮವಾರದ ಸಭೆಯಲ್ಲಿ ನಾನು ಎದ್ದು ನಿಂತು, ಯಾವ ಸದಸ್ಯನೂ ಆ ಮೆಷಿನ್ನು ಮುಟ್ಟಬಾರದು, ಕಲಿಯಬಾರದು ಎಂದು ನಿರ್ಣಯ ಮಂಡಿಸಿದೆ. ನಾವ್ಯಾರೂ ಮುಟ್ಟದಿದ್ದರೆ ಮಾಲೀಕರು ಅದನ್ನು ಹೇಗೆ ನಡೆಸುತ್ತಾರೆ ಎಂಬುದು ನನ್ನ ವಾದ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಿಪ್ಪೇಸ್ವಾಮಿ ಮಾತ್ರ ಎದ್ದ. "ಪರಮೇಶಣ್ಣ, ನಾವು ಮುಟ್ಲಿಲ್ಲ ಅಂದ್ರೆ ಬೇರೆಯವ್ರು ಮುಟ್ತಾರೆ. ನಾವೇ ಮೊದ್ಲು ಕಲಿಯಾನ. ನಾನು ಬೆಂಗಳೂರಿಗೆ ಹೋಗಿ ಕಲ್ತು ಬರ್ತೀನಿ, ಸೋಮವಾರ ಸೋಮವಾರ ಎಲ್ರಿಗೂ ಹೇಳ್ಕೊಡ್ತೀನಿ."

"ಸಂಘದ ತೀರ್ಮಾನ ಮೀರಿದ್ರೆ ಸಂಘದಾಗೆ ಇರಾಕಾಗಲ್ಲ" ಎಂದೆ ನಾನು.

ಅವನು ಹೋದ. ಹತ್ತು ದಿನ ಕಲಿತು ಬಂದ. ಮುಂದಿನ ಸಭೆಗೆ ಒಂದು ನೋಟ್‌ಬುಕ್ಕಿನ ತುಂಬ ಚಿತ್ರ ಬರೆದುಕೊಂಡು, ಕಲಿಸಲು ತಯಾರಾಗಿ ಬಂದಿದ್ದ. ನಾನು ಆ ನೋಟ್‌ಬುಕ್ಕನ್ನು ತೆರೆಯಲೂ ಬಿಡಲಿಲ್ಲ. ಹಾಲೇಶಪ್ಪ ಮೆಲ್ಲಗೆ, "ಬ್ಯಾಡ ಕಣಯ್ಯ, ಹುಡುಗ ಒಳ್ಳೇದಕ್ಕೇ ಹೇಳ್ತಾನೆ" ಎಂದ. ನನಗೆ ಕೇಳಿಸಿತು. ಕೇಳದವನಂತೆ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೀಟು ಎಳೆದು ಎಲ್ಲರ ಸಹಿ ಹಾಕಿಸಿದೆ. ತಿಪ್ಪೇಸ್ವಾಮಿ ನೋಟ್‌ಬುಕ್ಕು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲರಿಗೂ ಕೈಮುಗಿದು ಹೊರಟುಹೋದ.

ಜಗಳೂರಿಗೆ ಹೊಸ ಮೆಷಿನ್ನು ಬರುವುದು ತಡವಾಯಿತು. ಕೆಲವು ತಿಂಗಳು ಅಲ್ಲಿಂದ ನನಗೆ ಡಬ್ಬಗಳು ಬರುತ್ತಲೇ ಇದ್ದವು, ಒಳಗೆ ಅವನ ಚೀಟಿಗಳೂ. ನಾನು ಉತ್ತರಿಸುತ್ತಿರಲಿಲ್ಲ. ಒಂದು ಶುಕ್ರವಾರ ಬಂದ ಚೀಟಿಯಲ್ಲಿ ಹೀಗಿತ್ತು: "ಏಳನೇ ರೀಲು ಸರಿ ಇದೆ. ಸುಶೀಲ ಹೋದಳು." ಸುಶೀಲ ಅವನ ಹೆಂಡತಿ. ಕಾಯಿಲೆ ಇತ್ತೆಂದು ಎಲ್ಲೋ ಕೇಳಿದ್ದೆ. ಗಿರಿಜ ಆ ಚೀಟಿ ಓದಿ, "ಇವತ್ತೇ ಹೊರಡ್ರಿ" ಎಂದಳು. ಹೊರಗೆ ಹಾಕಿದವನ ಮನೆಗೆ ಕಾರ್ಯದರ್ಶಿ ಹೇಗೆ ಹೋಗುವುದು, ಉಳಿದ ಸದಸ್ಯರು ಏನೆನ್ನುತ್ತಾರೆ ಎಂದು ನಾನು ನಿಯಮ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ಎರಡು ದಿನ ಮಾತಾಡಲಿಲ್ಲ. ಆಮೇಲೆ ದಾವಣಗೆರೆಯ ತಂಗಿ ಮನೆಗೆ ಹೋಗಿ ಬರುತ್ತೇನೆಂದು ಹೋಗಿ, ಸಂಜೆಗೆ ವಾಪಸ್ಸು ಬಂದಳು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಎರಡೇ ವರ್ಷದಲ್ಲಿ ನಾಲ್ಕೂ ಊರಿಗೆ ಡಿಜಿಟಲ್ ಬಂತು. ಮಾಲೀಕರು ಕಲಿತವರನ್ನು ಇಟ್ಟುಕೊಂಡರು, ಸಂಘದಲ್ಲಿ ಉಳಿದ ನಾವೆಲ್ಲ ಮನೆಗೆ ಬಂದೆವು. ನಿರ್ಣಯವನ್ನು ಮೀರದೆ, ಸರ್ವಾನುಮತದಿಂದ.

ಕಾಲೇಜಿನ ಕಾಗದ ಹಿಡಿದುಕೊಂಡು ಮೊದಲು ನ್ಯಾಮತಿಗೆ ಹೋದೆ. ಅನ್ವರ್ ಸಾಬರಿಗೆ ಕಿವಿ ಮಂದ, ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಮಗನ ಸೈಕಲ್ ಶಾಪಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿ ಖುಷಿಪಟ್ಟರು.

"ಹೋಗ್ಬರ್ರಿ ಪರಮೇಶಪ್ಪಾರೆ. ನಾನು ಬರಾಕೆ ತಯಾರದೀನಿ, ಮಂಡಿ ತಯಾರಿಲ್ಲ."

"ಇಬ್ರು ಬರ್ಬೇಕು ಅಂತ ಬರ್ದಾರೆ ಸಾಬ್ರೇ."

"ಇನ್ನೊಬ್ರು ಅದಾರಲ್ಲ."

"ಯಾರು?"

ಸಾಬರು ಕಾಗದ ಮಡಿಸಿ ನನ್ನ ಜೇಬಿಗೆ ತಾವೇ ಇಟ್ಟರು. "ಕಿವಿ ಕೇಳ್ದಿರೋದು ನಂಗೆ. ನಿಮಗಲ್ಲ."

ನಾನು ಜಗಳೂರಿಗೆ ಹೋಗಲಿಲ್ಲ. ಹೋಗುವ ಧೈರ್ಯ ಬರಲಿಲ್ಲ. ಗೋಷ್ಠಿಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನಾಲ್ಕು ಪುಟದ ಭಾಷಣ ಬರೆದುಕೊಂಡು ಒಬ್ಬನೇ ದಾವಣಗೆರೆಗೆ ಹೋದೆ. ಬಾಗಿಲಲ್ಲಿ ಹಾಜರಿ ಬರೆಯುವಾಗ, "ಇನ್ನೊಬ್ಬ ಪ್ರತಿನಿಧಿ?" ಎಂದರು. "ಆರೋಗ್ಯ ಸರಿ ಇಲ್ಲ" ಎಂದೆ. ಮಂಡಿನೋವಿನ ಸಾಬರನ್ನು ನೆನೆದು ಹೇಳಿದ್ದು, ಪೂರಾ ಸುಳ್ಳಲ್ಲ ಎಂದು ಸಮಾಧಾನ.

ಬೆಂಗಳೂರಿನವರು ಚೆನ್ನಾಗಿ ಮಾತಾಡಿದರು. ಒಂದು ಚಿತ್ರದ ಹಿಂದೆ ಎಷ್ಟು ಕಸುಬುಗಳಿವೆ, ಒಂದೊಂದು ಕಸುಬಿಗೂ ಒಂದು ಸಂಘ ಹುಟ್ಟಿದ ಮೇಲೆ ಕೆಲಸದ ಹೊತ್ತಿಗೆ ಹೇಗೆ ಲೆಕ್ಕ ಬಂತು, ಪೆಟ್ಟಾದವರನ್ನು ನೋಡಿಕೊಳ್ಳುವವರು ಹೇಗೆ ಸಿಕ್ಕರು ಎಂದೆಲ್ಲ ಹೇಳಿದರು. ಛಾಯಾಗ್ರಾಹಕರ ಸಂಘದ ಹಿರಿಯರೊಬ್ಬರು ಒಂದು ಮಾತು ಹೇಳಿದರು: "ಫಿಲಂ ಹೋಗಿ ಡಿಜಿಟಲ್ ಬಂದಾಗ ನಮ್ಮವರಿಗೂ ಹೆದರಿಕೆ ಆಯ್ತು. ಸಂಘದಲ್ಲೇ ಶಿಬಿರ ಮಾಡಿ, ಅರವತ್ತು ದಾಟಿದವರನ್ನೂ ಕೂರಿಸಿ ಕಲಿಸಿದೆವು. ಹೊಸದು ಬಂದಾಗ ತನ್ನವರ ಕೈ ಹಿಡಿದು ದಾಟಿಸದಿದ್ದರೆ ಅದು ಎಂಥ ಸಂಘ?" ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಕುರ್ಚಿಗಳು ಖಾಲಿ ಇದ್ದವು, ಆದರೆ ನನಗೆ ಹಿಂದೆ ನಿಲ್ಲುವುದೇ ರೂಢಿ. ಆ ಮಾತು ಕೇಳಿದ ಮೇಲೆ ಮೆಲ್ಲಗೆ ಕೂತೆ.

ನನ್ನ ಸರದಿಗೆ ಮುಂಚೆ ಒಂದು ಚಿಕ್ಕ ಚಿತ್ರ ತೋರಿಸುವುದಿತ್ತು. ಸೂರಿಗೆ ಕಟ್ಟಿದ ಪ್ರೊಜೆಕ್ಟರು ನೀಲಿ ಬೆಳಕು ಬಿಡುತ್ತ ನಿಂತುಬಿಟ್ಟಿತು. ಯಾರೋ ವೈರು ಎಳೆದರು, ಯಾರೋ ಊದಿದರು. ನಿರೂಪಕರು ಮೈಕಿನಲ್ಲಿ ನಗುತ್ತ, "ನಮ್ಮ ನಡುವೆ ಆಪರೇಟರ್ ಸಂಘದ ಕಾರ್ಯದರ್ಶಿಗಳೇ ಇದ್ದಾರೆ, ಚಿಂತೆ ಯಾಕೆ?" ಎಂದರು. ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ಮೂವತ್ತು ವರ್ಷ ಜನರ ತಲೆಯ ಹಿಂಭಾಗ ಮಾತ್ರ ನೋಡಿದವನು ನಾನು. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡದ್ದೇ ಮೊದಲು.

ಎದ್ದು ಹೋದೆ. ಕೈಗೆ ರಿಮೋಟು ಕೊಟ್ಟರು. ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎಷ್ಟೊಂದು ಗುಂಡಿ! ಒಂದೂ ತಿಳಿಯಲಿಲ್ಲ. "ನಂಗೆ ಇದು ಬರಲ್ಲ" ಎಂದು ವಾಪಸ್ಸು ಕೊಟ್ಟೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಶಿಲ್ಪಾ ಮೇಡಂ ಬಂದು ಏನೋ ಒತ್ತಿದರು, ಚಿತ್ರ ಬಂತು.

ಆಮೇಲೆ ನನ್ನ ಭಾಷಣ. ಹೊಗೆ ಕೊಳವೆಯ ಕತೆ, ಚೀಟಿಯ ಕತೆ ಓದಿದೆ. ಚೀಟಿಯ ಭಾಗಕ್ಕೆ ಚಪ್ಪಾಳೆ ಬಿತ್ತು. ಕೊನೆಗೆ ಮೇಡಂ, "ಸರ್, ನಿಮ್ಮಲ್ಲಿ ಯಾರೂ ಡಿಜಿಟಲ್ ಕಲಿಯಲಿಲ್ಲವೇ?" ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು.

"ಒಬ್ರು ಕಲ್ತಿದ್ರು. ಜಗಳೂರಿನವ್ರು."

"ಅವರನ್ನ ಯಾಕೆ ಕರ್ಕೊಂಡು ಬರಲಿಲ್ಲ ಸರ್?"

ಭಾಷಣದ ನಾಲ್ಕು ಪುಟವನ್ನು ಮಡಿಸಿ ಜೇಬಿಗಿಟ್ಟೆ. "ಕಲ್ತಿದ್ದಕ್ಕೇ ನಾವು ಅವ್ರನ್ನ ಹೊರಗೆ ಹಾಕಿದ್ವಿ ಮೇಡಂ. ಬರ್ದು ಸಹಿ ಹಾಕ್ಸಿದೋನು ನಾನೇ" ಎಂದೆ. ಮೈಕು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಕೊನೆಯ ಸಾಲಿನವರೆಗೂ ಕೇಳಿಸಿತು.

ಊಟಕ್ಕೆ ನಿಲ್ಲಲಿಲ್ಲ. ಹೊದಿಸಿದ ಶಾಲನ್ನು ಚೀಲದಲ್ಲಿ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಚನ್ನಗಿರಿಯ ಬಸ್ಸು ನಿಂತಿತ್ತು. ಕಿಟಕಿಯ ಸೀಟು ಖಾಲಿ ಇತ್ತು. ಅದರ ಪಕ್ಕದಲ್ಲೇ ಹಾದು ಹೋಗಿ ಜಗಳೂರಿನ ಬಸ್ಸು ಹತ್ತಿದೆ.

ಜಗಳೂರಿನಲ್ಲಿ ಚಿತ್ರಮಂದಿರ ಮುಚ್ಚಿ ಈರುಳ್ಳಿ ಗೋದಾಮಾಗಿದೆ. ಅಲ್ಲಿ ವಿಚಾರಿಸಿದರೆ, "ವೈಂಡಿಂಗ್ ತಿಪ್ಪಣ್ಣಾರಾ? ಹಿಂದಿನ ಬೀದಿ" ಎಂದರು. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ. ಬಾಗಿಲಲ್ಲಿ ಮಣ್ಣು ಮೆತ್ತಿದ ಮೋಟಾರುಗಳು ಮಲಗಿದ್ದವು. ಒಳಗೆ ತಿಪ್ಪೇಸ್ವಾಮಿ ಕನ್ನಡಕ ಹಣೆಗೇರಿಸಿಕೊಂಡು ತಾಮ್ರದ ತಂತಿಯನ್ನು ಒಂದೊಂದೇ ಎಳೆಯಾಗಿ ಕೂರಿಸುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು.

"ಯಾವ ಮೋಟ್ರು? ಎಷ್ಟು ಎಚ್.ಪಿ.?" ಎಂದ, ತಲೆಯೆತ್ತದೆ.

"ಮೋಟ್ರು ಅಲ್ಲ ತಿಪ್ಪೇಸ್ವಾಮಿ. ನಾನು."

ಅವನ ಕೈ ನಿಂತಿತು. ಆದರೆ ಎಳೆ ಬಿಡಲಿಲ್ಲ. ಅದನ್ನು ಪೂರ್ತಿ ಕೂರಿಸಿ, ತುದಿ ಕತ್ತರಿಸಿ, ಆಮೇಲೆ ನೋಡಿದ. "ಬರ್ರಿ ಸೆಕ್ರೆಟ್ರಿಯವ್ರೆ. ಕುಂತ್ಕಳ್ರಿ" ಎಂದು ಒಂದು ಸ್ಟೂಲು ಒರೆಸಿ ಕೊಟ್ಟ. ಬಹುವಚನ. ಪರಮೇಶಣ್ಣ ಎನ್ನಲಿಲ್ಲ.

ನಾನು ಅಂದು ಬೆಳಿಗ್ಗೆ ನಡೆದದ್ದನ್ನೆಲ್ಲ ಹೇಳಿದೆ. ಪ್ರೊಜೆಕ್ಟರಿನ ಜಾಗಕ್ಕೆ ಬಂದಾಗ ಅವನ ಮುಖದಲ್ಲಿ ಏನೋ ಆಡಿತು.

"ನೀಲಿ ಬೆಳಕು ಬರ್ತಿತ್ತಾ?"

"ಹೌದು."

"ಸೋರ್ಸ್ ಅಂತ ಒಂದು ಬಟನ್ ಇರ್ತೈತೆ. ಅದನ್ನೊತ್ತಿದ್ರೆ ಆಗಿತ್ತು." ಸ್ವಲ್ಪ ತಡೆದು ಹೇಳಿದ: "ನನ್ನ ನೋಟ್‌ಬುಕ್ಕಿನಾಗೆ ಮೊದಲ್ನೇ ಪುಟದಾಗೇ ಬರ್ದಿದ್ದೆ."

ನಾನು ತಲೆ ತಗ್ಗಿಸಿದೆ. "ತಪ್ಪಾತು ತಿಪ್ಪೇಸ್ವಾಮಿ. ಅವತ್ತು ನಿನ್ನ ಮಾತು ಕೇಳಿದ್ರೆ ಎಲ್ರೂ ಇನ್ನೊಂದಷ್ಟು ವರ್ಷ ಕ್ಯಾಬಿನ್ನಾಗೆ ಇರ್ತಿದ್ವಿ."

"ಎಷ್ಟು ವರ್ಷ ಇರ್ತಿದ್ವಿ? ನಂದೂ ಆರೇ ವರ್ಷ ನಡೀತು. ಆಮೇಲೆ ಟಾಕೀಸೇ ಮುಚ್ಚಿತು." ಮೇಜಿನ ಮೇಲಿನ ತಂತಿಯ ಚೂರುಗಳನ್ನು ಒಂದು ಕಡೆ ಗುಡಿಸಿದ. "ಹೆಸರು ಹೊಡ್ದಿದ್ದಕ್ಕೆ ನಂಗೆ ಬ್ಯಾಸರ ಇಲ್ರಿ. ಹೆದರ್ಕೆಯಾಗಿತ್ತು ನಿಮ್ಗೆ, ಮಾಡಿದ್ರಿ. ಆದ್ರೆ ಸುಶೀಲ ಹೋದಾಗ ಬರ್ದು ಕಳ್ಸಿದ್ನಲ್ಲ. ಡಬ್ಬ ವಾಪಸ್ ಬಂದಾಗ ಒಳಗೆಲ್ಲ ಹುಡುಕಿದೆ. ನಿಮ್ಮ ಚೀಟಿ ಇತ್ತು. 'ಏಳನೇ ರೀಲು ನೋಡಲಾಗಿದೆ' ಅಂತ ಬರ್ದಿದ್ರಿ. ಅಷ್ಟೇ ಬರ್ದಿದ್ರಿ."

ಅದನ್ನು ನಾನು ಮರೆತೇಬಿಟ್ಟಿದ್ದೆ. ಬರೆದದ್ದು ನಿಜ. ನೋಡಲಾಗಿದೆ ಎಂಬ ಆ ನಡಾವಳಿಯ ಕನ್ನಡ ನನ್ನದೇ.

ಅವನೇ ಎದ್ದು ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿ ಬಂದ. ಕೂತು, ದನಿ ಸ್ವಲ್ಪ ಮೆತ್ತಗೆ ಮಾಡಿಕೊಂಡು, "ಗಿರಿಜಕ್ಕ ಬಂದಿದ್ರು, ಬಿಡ್ರಿ. ಅವ್ರು ಬಂದಿದ್ದಕ್ಕೆ ನಾನು ನಿಮ್ಮ ಮೇಲಿನ ಸಿಟ್ಟು ನುಂಗ್ಕೊಂಡೆ" ಎಂದ.

"ಯಾರು ಬಂದಿದ್ರು?"

"ಗಿರಿಜಕ್ಕ. ಸುಶೀಲ ಹೋದ ವಾರದಾಗೆ. ಒಬ್ರೇ ಬಂದಿದ್ರು. ಯಾಕೆ, ನಿಮ್ಗೆ ಹೇಳಿರ್ಲಿಲ್ವಾ?" ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. "ಮನೆಗೆ ಬಂದು ಅಡಿಗೆ ಮಾಡಿ ಮಕ್ಕಳಿಗೆ ಉಣ್ಸಿದ್ರು. ಸಣ್ಣೋಳು ಜ್ವರದಾಗಿದ್ಲು, ತೊಡೆ ಮ್ಯಾಲೆ ಹಾಕ್ಕೊಂಡು ಕುಂತಿದ್ರು. ಹೋಗಾವಾಗ, 'ನಮ್ಮನೇರು ಕೆಟ್ಟೋರಲ್ಲ ತಿಪ್ಪೇಸ್ವಾಮಿ. ಒಬ್ರೇ ಇದ್ದಿದ್ದು ಜಾಸ್ತಿ ಆಗೈತೆ, ಅಷ್ಟೇ. ಒಂದಿನ ಬಂದೇ ಬರ್ತಾರೆ, ಅವಾಗ ಬೈಬ್ಯಾಡ' ಅಂದ್ರು. ಅದಕ್ಕೇ ಬೈಲಿಲ್ಲ ಈಗ."

ತಂಗಿಯ ಮನೆಗೆಂದು ಹೋದ ದಿನ! ಸಂಜೆ ಬಂದವಳು ಕಾಲು ತೊಳೆದುಕೊಂಡು, ಎಂದಿನಂತೆ ರೊಟ್ಟಿ ತಟ್ಟಿದ್ದಳು. "ತಂಗಿ ಹೆಂಗದಾಳೆ?" ಎಂದು ನಾನು ಕೇಳಿದ್ದೆ. "ಅದಾಳೆ" ಎಂದಿದ್ದಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನನ್ನ ತಪ್ಪನ್ನು ನನಗೆ ತಿಳಿಯದಂತೆ ತಾನು ಹೋಗಿ ತೀರಿಸಿ ಬಂದು, ಸಾಯುವತನಕ ಒಂದು ಮಾತು ಆಡಲಿಲ್ಲ.

ಚಹಾ ಬಂತು. ತಿಪ್ಪೇಸ್ವಾಮಿ ನನ್ನ ಲೋಟವನ್ನು ಹತ್ತಿರ ಸರಿಸಿ, "ಹೆಂಗದಾರೆ ಗಿರಿಜಕ್ಕ? ಅವ್ರನ್ನೂ ಕರ್ಕೊಂಡು ಬರಾದಲ್ವಾ?" ಎಂದ. 

ಅವನಿಗೆ ಯಾರೂ ತಿಳಿಸಿರಲಿಲ್ಲ. ಯಾರು ತಿಳಿಸಬೇಕಿತ್ತು? ನಾನೇ.

"ಇಲ್ಲ ತಿಪ್ಪೇಸ್ವಾಮಿ. ಹೋಗಿ ನಾಲ್ಕು ವರ್ಷ ಆತು."

ಅವನು ಹಣೆಯ ಮೇಲಿದ್ದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಬೀದಿಯಲ್ಲಿ ಟ್ರ್ಯಾಕ್ಟರೊಂದು ಹೋಯಿತು. ಆಮೇಲೆ, "ನಾಲ್ಕು ವರ್ಷ" ಎಂದ. "ನಂಗೊಂದು ಮಾತು ಹೇಳ್ಲಿಲ್ಲ ನೀವು."

"ಹೇಳ್ಲಿಲ್ಲ."

ನಾನು ಚೀಲ ತೆಗೆದುಕೊಂಡು ಎದ್ದೆ. ಐದೂವರೆಗೆ ದಾವಣಗೆರೆಯ ಬಸ್ಸಿತ್ತು. ಅವನು ಅಂಗಡಿಗೆ ಬಾಗಿಲು ಎಳೆದು ನನ್ನ ಜೊತೆಗೇ ಹೊರಟ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತೆವು. ಬಸ್ಸು ಆಗಲೇ ಬಂದು ನಿಂತಿತ್ತು. ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ.

"ಹೆಂಗಾತು?" ಎಂದ ತಿಪ್ಪೇಸ್ವಾಮಿ.

"ಏನು?"

"ಗಿರಿಜಕ್ಕಂಗೆ. ಹೆಂಗಾತು? ಮೊದ್ಲಿಂದ ಹೇಳು ಪರಮೇಶಣ್ಣ."

ಅವಳು ಹೋದಾಗ ಬಂದವರೆಲ್ಲ ಏನಾಗಿತ್ತು ಎಂದು ಕೇಳಿದ್ದರು. ಕಾಯಿಲೆಯ ಹೆಸರು ಹೇಳಿದರೆ ಅವರಿಗೆ ಸಾಕಾಗುತ್ತಿತ್ತು. ಮೊದಲಿನಿಂದ ಹೇಳು ಎಂದು ಈ ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ.

"ಅವತ್ತು ಮಂಗಳವಾರ" ಎಂದು ಶುರುಮಾಡಿದೆ. "ಬೆಳಿಗ್ಗೆ ಎದ್ದು, ಎಡಗೈ ಯಾಕೋ ಭಾರ ಆಗೈತೆ ಅಂದ್ಲು."

"ಯಾರಾದ್ರೂ ದಾವಣಗೆರೆ ಹತ್ತೋರು ಅದೀರೇನ್ರಿ?" ಎಂದು ಕಂಡಕ್ಟರು ನಮ್ಮ ಕಡೆ ನೋಡಿ ಕೂಗಿದ. ತಿಪ್ಪೇಸ್ವಾಮಿ ನನ್ನಿಂದ ಕಣ್ಣು ತೆಗೆಯದೆ ಅವನಿಗೆ ಕೈ ಅಲ್ಲಾಡಿಸಿ ಹೋಗು ಎಂದ. ಬಸ್ಸು ಹೊರಟಿತು. ನಾನು ಹೇಳುತ್ತ ಹೋದೆ.